ಮಾಂಯ್ ಹಾಕಿದ ಓಟು

ನಮ್ಮ ಮನೆತನದಲ್ಲಿ ಓಟು ಎಂಬುದು ಗುಟ್ಟಿನ ವಿಷಯ ಆಗಿದ್ದೇ ಇಲ್ಲ. ಮಂಗಳೂರಿನಲ್ಲಿ ಮಾವ ಬದುಕಿದ್ದಾಗ ಚುನಾವಣೆಯ ದಿನ ಬೆಳಿಗ್ಗೆ ಕಾಫಿ ಕುಡಿದು, ಯಾವ ಚಿತ್ರಕ್ಕೆ ಒತ್ತಬೇಕೆಂದು ಮನೆಯ ಹೆಂಗಸರಿಗೆಲ್ಲ ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದರು. ಹೆಂಗಸರು ಸೀರೆ ಬದಲಿಸಿ ಹೋಗಿ ಅದಕ್ಕೇ ಒತ್ತಿ ಬರುತ್ತಿದ್ದರು. ಬಂದ ಮೇಲೆ ಮಾವ ಮೊದಲು ಬೆರಳಿನ ಶಾಯಿ ನೋಡುತ್ತಿದ್ದರು, ಆಮೇಲೆ ಮುಖ ನೋಡುತ್ತಿದ್ದರು. ಮುಖ ನೋಡಿದರೆ ಎಲ್ಲ ಗೊತ್ತಾಗುತ್ತದೆ ಎಂಬುದು ಅವರ ನಂಬಿಕೆ.

ಗಂಡನ ತಾಯಿಯನ್ನು ಕೊಂಕಣಿ ಮಾತಾಡುವ ನಾವು ಮಾಂಯ್ ಎಂದು ಕರೆಯುವುದು. ಮಾಂಯ್ ಮದುವೆಯಾದಂದಿನಿಂದ ಹೀಗೆಯೇ ಓಟು ಹಾಕಿದವರು. ಒಮ್ಮೆ ಮಾತ್ರ ಬೇರೆ ಚಿತ್ರಕ್ಕೆ ಒತ್ತುವ ಮನಸ್ಸಾಗಿತ್ತಂತೆ.

"ಕೈ ಅಲ್ಲಿವರೆಗೆ ಹೋಯಿತು, ವಾಪಸ್ ಬಂತು," ಎಂದು ಮೆಲ್ಬರ್ನಿನ ನಮ್ಮ ಅಡುಗೆಮನೆಯಲ್ಲಿ ಕೂತು ಬೀನ್ಸ್ ಮುರಿಯುತ್ತಾ ಒಂದು ದಿನ ಹೇಳಿದರು. "ಮನೆಗೆ ಹೋಗಿ ಆ ಮನುಷ್ಯನ ಎದುರು ನಿಲ್ಲಬೇಕಲ್ಲ ಎಂದು ನೆನಪಾಯಿತು."

"ಅವರಿಗೆ ಹೇಗೆ ಗೊತ್ತಾಗುತ್ತಿತ್ತು ಮಾಂಯ್?"

"ಗೊತ್ತಾಗುವುದಿಲ್ಲ ಮಾರಾಯ್ತಿ. ಆದರೆ ನಾನೇ ಹೇಳಿಬಿಡುತ್ತಿದ್ದೆ. ಹೆದರಿದವರ ಬಾಯಿ ನಿಲ್ಲುವುದಿಲ್ಲ."

ಆಮೇಲೆ ಇನ್ನೊಂದು ಹಿಡಿ ಬೀನ್ಸ್ ಎಳೆದುಕೊಂಡು, "ಸಾಯುವುದರೊಳಗೆ ಒಂದು ಓಟು ನನ್ನ ತಲೆಯಿಂದ ಹಾಕಬೇಕು. ಯಾರಿಗೂ ಗೊತ್ತಾಗಬಾರದು. ದೇವರಿಗೊಬ್ಬನಿಗೆ ಗೊತ್ತಾದರೆ ಅಡ್ಡಿ ಇಲ್ಲ," ಎಂದರು. ಬೇರೆ ಮುದುಕಿಯರು ಲೂರ್ದಿಗೆ ಹೋಗಬೇಕು, ರೋಮಿಗೆ ಹೋಗಬೇಕು ಎನ್ನುತ್ತಾರೆ. ನಮ್ಮ ಮಾಂಯ್‌ಗೆ ಇದ್ದ ಆಸೆ ಇದು.

ಆಗ ನಾವು ಮೆಲ್ಬರ್ನಿನ ಅಂಚಿನ ವಿಂಡಮ್ ವೇಲ್‌ನಲ್ಲಿ ಇದ್ದೆವು. ಎಲ್ಲ ಹೊಸ ಮನೆಗಳು, ಹೆಸರಿಗೆ ಮಾತ್ರ ಮರಗಳು, ಬಟ್ಟೆ ಒಣಹಾಕಿದರೆ ಪಕ್ಕದ ಮನೆಗೆ ಹಾರಿಸುವ ಗಾಳಿ. ನನಗೆ ಅದೇ ವರ್ಷ ಸಿಟಿಜನ್‌ಶಿಪ್ ಸಿಕ್ಕಿತ್ತು. ಮಾಂಯ್‌ದು ಇನ್ನೂ ಆಗಿರಲಿಲ್ಲ. ಚುನಾವಣಾ ದಿನದ ಕೆಲಸಕ್ಕೆ ಜನ ಬೇಕು ಎಂದು ಇಗರ್ಜಿಯಲ್ಲಿ ಸಿಗುವ ಹೆಂಗಸೊಬ್ಬರು ಹೇಳಿದರು. ಒಂದೇ ದಿನದ ಕೆಲಸ. ಮಕ್ಕಳನ್ನು ಮಾಂಯ್ ನೋಡಿಕೊಳ್ಳುತ್ತಾರೆ. ಮದುವೆಯಾದ ಮೇಲೆ ನನ್ನನ್ನು ಯಾರೂ ಯಾವ ಕೆಲಸಕ್ಕೂ ಕರೆದಿರಲಿಲ್ಲ. ಅರ್ಜಿ ಹಾಕಿದೆ.

ಮೊದಲು ಕೇಳಿದ್ದೇ ಪಕ್ಷಪಾತದ ಪ್ರಶ್ನೆ. ಯಾವುದಾದರೂ ಪಕ್ಷದಲ್ಲಿ ಇದ್ದೀರಾ, ಯಾರ ಪರವಾಗಿಯಾದರೂ ಚೀಟಿ ಹಂಚಿದ್ದೀರಾ, ಯಾರು ಯಾರಿಗೆ ಓಟು ಹಾಕಿದರೆಂದು ತಿಳಿದುಬಂದರೂ ಹೊರಗೆ ಹೇಳುವುದಿಲ್ಲವೆಂದು ಒಪ್ಪುತ್ತೀರಾ. ನಾನು ಎಲ್ಲಕ್ಕೂ ಸಹಿ ಹಾಕಿದೆ. ತರಬೇತಿಯ ಪಾಠಗಳು ಕಂಪ್ಯೂಟರಿನಲ್ಲಿ ಬರುತ್ತಿದ್ದವು. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಕೂತು, ಒಂದೊಂದು ಪುಟವನ್ನೂ ಎರಡೆರಡು ಸಲ ಓದುತ್ತಿದ್ದೆ. ಓದಿದ್ದನ್ನು ಮಾಂಯ್‌ಗೆ ಕೊಂಕಣಿಯಲ್ಲಿ ಹೇಳುತ್ತಿದ್ದೆ. ಹೇಳಿದರೆ ನನಗೂ ತಲೆಯಲ್ಲಿ ನಿಲ್ಲುತ್ತಿತ್ತು.

"ಈ ಚುನಾವಣಾ ಆಯೋಗ ಅಂದರೆ ಯಾರು? ಯಾರ ಕೈಕೆಳಗೆ?" ಎಂದು ಮಾಂಯ್ ಕೇಳಿದರು.

ಮೂರು ಜನ ಎಂದೆ. ಮೇಲೆ ಕೂರುವವರು ನ್ಯಾಯಾಧೀಶರು, ಹಾಲಿಯೋ ನಿವೃತ್ತರೋ. ಇನ್ನೊಬ್ಬರು ಆಯುಕ್ತರು, ದಿನದ ಕೆಲಸವೆಲ್ಲ ಅವರದು. ಮೂರನೆಯವರು ಸಾಮಾನ್ಯವಾಗಿ ದೇಶದ ಜನಗಣತಿ, ಅಂಕಿಅಂಶ ನೋಡುವ ಇಲಾಖೆಯ ಹಿರಿಯರು. ನೇಮಿಸುವುದು ಗವರ್ನರ್ ಜನರಲ್. ಗೆದ್ದ ಪಕ್ಷ ಬದಲಾಯಿತೆಂದು ಇವರನ್ನು ಮನೆಗೆ ಕಳಿಸುವ ಹಾಗಿಲ್ಲ.

"ಪಿತ, ಸುತ, ಪವಿತ್ರಾತ್ಮ," ಎಂದು ಮಾಂಯ್ ನಕ್ಕರು. "ಮೂವರಾದರೆ ಒಳ್ಳೆಯದು. ಒಬ್ಬನೇ ಆದರೆ ಸೊಕ್ಕು, ಇಬ್ಬರಾದರೆ ಜಗಳ. ಅವರ ಕೆಳಗೆ?"

"ಒಂದೊಂದು ಕ್ಷೇತ್ರಕ್ಕೂ ಒಂದು ಆಫೀಸು, ಒಬ್ಬ ಅಧಿಕಾರಿ. ಚುನಾವಣೆ ಬಂದಾಗ ನನ್ನಂಥವರು, ಒಂದು ದಿನಕ್ಕೆ."

"ನೀನೂ ಆಯೋಗವೇ ಹಾಗಾದರೆ."

ನಮ್ಮವರು ಸೋಫಾದ ಮೇಲಿನಿಂದಲೇ, "ಹೌದು ಮಮ್ಮಿ, ಇನ್ನು ಮೇಲೆ ಅಡುಗೆ ಬಡಿಸುವುದೂ ಪಕ್ಷಪಾತ ಇಲ್ಲದೆ," ಎಂದರು. ನಕ್ಕೆವು. ಆಗ ನಗಬಹುದಿತ್ತು.

ಅಲ್ಲಿಯ ನಮ್ಮ ಊರಿನವರ ಸಂಘದ ಚುನಾವಣೆಯನ್ನು ನೋಡಿದವಳಿಗೆ ಆ ತರಬೇತಿ ಬೇರೆ ಲೋಕದ ಹಾಗೆ ಕಂಡಿತ್ತು. ಸಂಘದಲ್ಲಿ ಚುನಾವಣಾಧಿಕಾರಿ ಆಗಿದ್ದವರು ಅಧ್ಯಕ್ಷ ಸ್ಥಾನಕ್ಕೆ ನಿಂತವರ ಷಡ್ಡಕ. ಊಟದ ಸಾಲಿನಲ್ಲಿ ಕೈ ಎತ್ತಿಸಿ ಎಣಿಸಿದರು. ಸಾರಿನ ಪಾತ್ರೆ ಹಿಡಿದಿದ್ದವರ ಕೈಯನ್ನೂ ಎತ್ತಿದಂತೆ ಲೆಕ್ಕ ಹಿಡಿದರು. ಇಲ್ಲಿ ಹಾಗಲ್ಲ. ಬೆಳಿಗ್ಗೆ ಡಬ್ಬಿ ಬರಿದು ಎಂದು ಬಾಗಿಲಲ್ಲಿ ನಿಂತವರಿಗೆ ತೋರಿಸಬೇಕು. ಆಮೇಲೆ ನಂಬರ್ ಇರುವ ಪ್ಲಾಸ್ಟಿಕ್ ಸೀಲು ಹಾಕಬೇಕು. ಬಂದವರ ಪೂರ್ತಿ ಹೆಸರು, ವಿಳಾಸ, ಈ ಚುನಾವಣೆಯಲ್ಲಿ ಮೊದಲೇ ಓಟು ಹಾಕಿದ್ದೀರಾ, ಇಷ್ಟೇ ಕೇಳಬೇಕು. ಹೆಸರಿನ ಮೇಲೆ ಗೆರೆ ಎಳೆದು, ಮತಪತ್ರಕ್ಕೆ ನಮ್ಮ ಚಿಕ್ಕ ಸಹಿ ಹಾಕಿ ಕೊಡಬೇಕು. ಬೆರಳಿಗೆ ಶಾಯಿ ಇಲ್ಲ, ಪಕ್ಷದ ಚಿತ್ರ ನೋಡಿ ಒತ್ತುವುದಿಲ್ಲ. ಪೆನ್ಸಿಲ್ ಕಟ್ಟಿಟ್ಟಿರುತ್ತಾರೆ. ನಿಂತವರೆಲ್ಲರ ಹೆಸರಿನ ಎದುರೂ ನಮಗೆ ಬೇಕಾದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಬರೆಯಬೇಕು.

ಆ ದಿನ ಸಂಜೆ ಬೆನ್ನು ಬಿದ್ದುಹೋಗಿತ್ತು. ಆದರೆ ಯಾರೋ ನನ್ನ ಕೈಯಲ್ಲೊಂದು ನಂಬಿಕೆ ಇಟ್ಟಿದ್ದರು ಎಂಬ ಸಂತೋಷ ಎಷ್ಟೋ ದಿನ ಇತ್ತು. ಅಂಥ ಸಂತೋಷ ಕೊಟ್ಟ ದೇವರನ್ನು ನೆನೆದೇ ಮುಂದಿನದನ್ನು ಬರೆಯುತ್ತೇನೆ.

ಆಮೇಲೆ ನಮ್ಮವರಿಗೆ ಸಿಡ್ನಿಯಲ್ಲಿ ಕೆಲಸವಾಯಿತು. ಆಫೀಸು ಚಾಟ್ಸ್‌ವುಡ್‌ನಲ್ಲಿ, ಮನೆ ರೌಸ್ ಹಿಲ್‌ನಲ್ಲಿ. ಆಫೀಸಿನಲ್ಲಿ ಅವರಿಗೆ ಬೆಂಗಳೂರಿನ ಒಬ್ಬ ಗೆಳೆಯರು ಸಿಕ್ಕಿದರು. ತುಂಬಾ ಮಾತು, ತುಂಬಾ ನಗು, ಎಲ್ಲರಿಗೂ ಬೇಕಾದವರು. ನನ್ನನ್ನು ಅತ್ತಿಗೆ ಎನ್ನುತ್ತಿದ್ದರು. ಇಲ್ಲಿ ಎಲ್ಲರೂ ಅಂಕಲ್ ಆಂಟಿ ಆಗಿರುವಾಗ ಆ ಒಂದು ಮಾತು ಕೇಳಲು ಹಿತವಾಗಿತ್ತು. ಅವರು ಒಬ್ಬ ಅಭ್ಯರ್ಥಿಯ ಹಿಂದೆ ಓಡಾಡುತ್ತಿದ್ದರು. ನಮ್ಮವರನ್ನೂ ಎಳೆದರು. ನೋಡುತ್ತ ನೋಡುತ್ತ ನಮ್ಮ ಗ್ಯಾರೇಜಿನಲ್ಲಿ ಆ ಅಭ್ಯರ್ಥಿಯ ಮುಖವಿದ್ದ ಬೋರ್ಡುಗಳು ತುಂಬಿದವು. ನಾನು ವಾಷಿಂಗ್ ಮೆಷಿನ್ ಹತ್ತಿರ ಹೋಗಬೇಕಾದರೆ ಅವನ ಹಲ್ಲುಗಳ ನಡುವೆ ಹಾದು ಹೋಗಬೇಕಿತ್ತು.

ಚಳಿಗಾಲದಲ್ಲಿ ಚುನಾವಣೆ ಬಂತು. ಆಯೋಗದಿಂದ ನನಗೆ ಮತ್ತೆ ಕರೆ ಬಂತು. ಗ್ಯಾರೇಜಿನ ವಿಷಯ ಮುಚ್ಚಿಡುವುದು ಸರಿಯಲ್ಲ ಎಂದು ನಾನೇ ಫೋನ್ ಮಾಡಿ ಹೇಳಿದೆ. ಆ ಕಡೆಯ ಹೆಂಗಸು, ನೀವು ಬೋರ್ಡು ಹೊತ್ತಿದ್ದೀರಾ, ಚೀಟಿ ಹಂಚಿದ್ದೀರಾ ಎಂದು ಕೇಳಿದಳು. ಇಲ್ಲ ಎಂದೆ. ವಿಚಾರಿಸಿ ಮತ್ತೆ ಫೋನ್ ಮಾಡಿ, "ನಿಮ್ಮ ಗಂಡನ ರಾಜಕೀಯ ನಿಮ್ಮದಲ್ಲ, ನೀವು ಬರಬಹುದು," ಎಂದಳು. ಫೋನ್ ಇಟ್ಟು ಒಂದು ನಮೋ ಮರಿಯ ಪ್ರಾರ್ಥನೆ ಹೇಳಿಕೊಂಡೆ. ಗಂಡನನ್ನು ಬಿಟ್ಟು ನನ್ನನ್ನು ಬೇರೆಯಾಗಿ ಲೆಕ್ಕ ಹಿಡಿದವರು ಅಷ್ಟರವರೆಗೆ ಯಾರೂ ಇರಲಿಲ್ಲ.

ಮಾಂಯ್ ಅಷ್ಟರಲ್ಲಿ ಸಿಟಿಜನ್ ಆಗಿದ್ದರು. ಇಲ್ಲಿ ಅವರ ಮೊದಲ ಓಟು. ನಮ್ಮವರು ಹಿಂದಿನ ದಿನ ಊಟವಾದ ಮೇಲೆ, ಯಾರ ಎದುರು ಯಾವ ನಂಬರ್ ಬರೆಯಬೇಕೆಂದು ಅಚ್ಚು ಹಾಕಿದ್ದ ಚೀಟಿಯನ್ನು ಅವರ ಕೈಗೆ ಕೊಟ್ಟರು.

"ಇದನ್ನೇ ನೋಡಿ ನೋಡಿ ಬರೆದು ಬಾ ಮಮ್ಮಿ. ತಲೆಬಿಸಿ ಬೇಡ."

"ಇಡು ಅಲ್ಲಿ," ಎಂದರು ಮಾಂಯ್.

"ಒಂದು ಸಲ ಬರೆದು ತೋರಿಸು ನೋಡುವ."

"ಎಂತ, ನನಗೆ ಅಂಕಿ ಬರುವುದಿಲ್ಲವಾ? ನಿನ್ನನ್ನು ಶಾಲೆಗೆ ಸೇರಿಸುವ ಮೊದಲು ಮಗ್ಗಿ ಕಲಿಸಿದ್ದು ಯಾರು?"

ನಾನು ಪಾತ್ರೆ ತೊಳೆಯುತ್ತಿದ್ದೆ. ಆಯೋಗಕ್ಕೆ ಸಹಿ ಹಾಕಿದವಳು ನಡುವೆ ಬಾಯಿ ಹಾಕುವ ಹಾಗಿರಲಿಲ್ಲ.

ಮರುದಿನ ಸರ್ಕಾರಿ ಶಾಲೆಯ ಹಾಲಿನಲ್ಲಿ ನನಗೆ ಮತಪತ್ರ ಕೊಡುವ ಮೇಜು. ಹೊರಗೆ ಶಾಲೆಯ ನಿಧಿಗೆಂದು ಮಕ್ಕಳ ತಂದೆತಾಯಿಗಳು ಸಾಸೇಜ್ ಸುಡುವ ವಾಸನೆ, ಗೇಟಿನಲ್ಲಿ ಚೀಟಿ ಹಂಚುವವರ ಗದ್ದಲ. ನಮ್ಮವರೂ ಆ ಗದ್ದಲದಲ್ಲಿ ಇದ್ದರು. ಭಾನುವಾರದ ಪೂಜೆಗೆ ಹೊರಟವರ ಹಾಗೆ ಒಳ್ಳೆಯ ಸೀರೆ, ಮೇಲೆ ಕೋಟು, ತಲೆಗೆ ಉಣ್ಣೆಯ ಟೊಪ್ಪಿ ಹಾಕಿಕೊಂಡು ಮಾಂಯ್ ಬಂದರು. ನನ್ನ ಮೇಜಿಗೆ ಬರಲಿಲ್ಲ, ಪಕ್ಕದ್ದಕ್ಕೆ ಹೋದರು. ಹಾಗೆ ಮಾಡಿದ್ದು ಬೇಕೆಂದೇ ಎಂದು ನನಗೆ ತಿಳಿಯಿತು. ಮನಸ್ಸಿಗೆ ಸಮಾಧಾನವೂ ಆಯಿತು. ಅಲ್ಲಿದ್ದ ಹುಡುಗಿಗೆ ಹೆಸರು, ವಿಳಾಸ ಸರಿಯಾಗಿ ಹೇಳಿದರು. ಕೆಳಮನೆಯದು ಹಸಿರು ಕಾಗದ, ಮೇಲ್ಮನೆಯದು ಚಾಪೆಯಷ್ಟು ಅಗಲದ ಬಿಳಿ ಕಾಗದ. ಎರಡನ್ನೂ ಎದೆಗೆ ಅವಚಿಕೊಂಡು ರಟ್ಟಿನ ಮರೆಗೆ ಹೋದರು. ಮಗ ಕೊಟ್ಟ ಚೀಟಿ ಕೈಯಲ್ಲಿ ಇರಲಿಲ್ಲ.

ಬಹಳ ಹೊತ್ತು ನಿಂತರು. ಬೆನ್ನು ಮಾತ್ರ ಕಾಣುತ್ತಿತ್ತು. ಕೊನೆಗೆ ಬಂದು ಎರಡನ್ನೂ ಆಯಾ ಡಬ್ಬಿಗೆ ಹಾಕಿ, ಯಾರೂ ನೋಡಲಿಲ್ಲವೆಂದುಕೊಂಡು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿದರು. ಹೊರಗೆ ಹೋಗುವಾಗ ಅವರ ಮುಖ ನೋಡಿದೆ. ಆ ಮುಖದಲ್ಲಿ ಮಾವ ಏನು ಹುಡುಕಿದರೂ ಸಿಗುತ್ತಿರಲಿಲ್ಲ, ಅಷ್ಟು ಹಗುರವಾಗಿತ್ತು.

ಸಂಜೆ ಆರಕ್ಕೆ ಬಾಗಿಲು ಹಾಕಿದೆವು. ಸೀಲು ಒಡೆದು ಡಬ್ಬಿಗಳನ್ನು ಮೇಜಿನ ಮೇಲೆ ಸುರಿದೆವು. ಎಣಿಕೆಗೆ ಅಭ್ಯರ್ಥಿಗಳ ಕಡೆಯವರು ಬಂದು ನಿಲ್ಲುತ್ತಾರೆ. ಊರಿನಲ್ಲಿ ಏಜೆಂಟರು ಎನ್ನುತ್ತೇವೆ, ಇಲ್ಲಿ ಸ್ಕ್ರೂಟಿನಿಯರ್. ಅವರು ನೋಡಬಹುದು, ತಕರಾರು ಎತ್ತಬಹುದು, ಕಾಗದ ಮುಟ್ಟುವ ಹಾಗಿಲ್ಲ. ನಮ್ಮವರ ಅಭ್ಯರ್ಥಿಯ ಕಡೆಯಿಂದ ಬಂದು ನಿಂತವರು ಬೆಂಗಳೂರಿನ ಆ ಗೆಳೆಯರೇ. ನನ್ನನ್ನು ನೋಡಿ ಹುಬ್ಬು ಹಾರಿಸಿದರು. ನಾನು ತಲೆ ತಗ್ಗಿಸಿ ಹಸಿರು ಕಾಗದಗಳನ್ನು ಬಿಡಿಸತೊಡಗಿದೆ.

ಎಲ್ಲ ಚೌಕಗಳಲ್ಲೂ ಅಂಕಿ ಇಲ್ಲದಿದ್ದರೆ, ಒಂದು ಎಂಬುದೇ ಇಲ್ಲದಿದ್ದರೆ, ಆ ಮತ ಅಸಿಂಧು. ಅದಕ್ಕೆ ಬೇರೆ ರಾಶಿ. ಖಾಲಿ ಬಿಟ್ಟವರು, ಬೈಗುಳ ಬರೆದವರು, ಮೀಸೆಯ ಚಿತ್ರ ಬರೆದವರು ಎಲ್ಲ ಅಲ್ಲಿಗೆ. ನನ್ನ ಎದುರು ಕೂತಿದ್ದ ಯೂನಿವರ್ಸಿಟಿ ಹುಡುಗಿ ಒಂದು ಕಾಗದ ಎತ್ತಿ, "ಇದರಲ್ಲಿ ಸೊನ್ನೆ ಇದೆ, ಎರಡು, ಮೂರರ ಹಾಗೆ ಏನೋ ಇದೆ, ಆಮೇಲೆ ಬರೀ ಸುರುಳಿ," ಎಂದು ಆ ರಾಶಿಗೆ ಹಾಕಿದಳು.

ನಾನು ನೋಡಿದೆ. ಸೊನ್ನೆ ಅಲ್ಲ. ಕನ್ನಡದ ಒಂದು. ಪಕ್ಕದಲ್ಲಿ ಎರಡು, ಮೂರು, ನಾಲ್ಕು, ಐದು, ಆರು. ಹಳೆಯ ಶಾಲೆಯಲ್ಲಿ ಕಾಪಿ ಪುಸ್ತಕ ಬರೆದವರ ಕೈ. ಪ್ರತಿಯೊಂದೂ ಚೌಕದ ಒಳಗೆ, ಗೆರೆ ಮುಟ್ಟದ ಹಾಗೆ, ಒತ್ತಿ ಒತ್ತಿ ತಿದ್ದಿದ ಹಾಗೆ.

ಮಾಂಯ್‌ಗೆ ಇಂಗ್ಲಿಷ್ ಅಂಕಿ ಓದಲು ಬರುತ್ತದೆ. ಫೋನ್ ಮಾಡುತ್ತಾರೆ, ಗಡಿಯಾರ ನೋಡುತ್ತಾರೆ. ಬರೆಯುವುದು ಮಾತ್ರ ಕನ್ನಡದಲ್ಲೇ. ಹಾಲಿನ ಲೆಕ್ಕ, ನೋವೇನ ಪ್ರಾರ್ಥನೆಯ ದಿನಗಳು, ಉಪ್ಪಿನಕಾಯಿ ಭರಣಿಯ ಮೇಲಿನ ತಾರೀಕು ಎಲ್ಲ ಹಾಗೆ. ಅಂಕಿ ಬರೆಯಿರಿ ಎಂದು ಮತಪತ್ರ ಹೇಳಿತು, ಅವರು ಬರೆದಿದ್ದಾರೆ.

ಇದು ನನ್ನ ಅತ್ತೆಯದು ಎಂದು ಹೇಳುವ ಹಾಗಿಲ್ಲ, ಅದಕ್ಕೆ ಸಹಿ ಹಾಕಿದ್ದೇನೆ. ಸುಮ್ಮನಿದ್ದರೆ ಈ ಕಾಗದ ಮೀಸೆಯ ಚಿತ್ರದ ಜೊತೆ ಹೋಗುತ್ತದೆ. ಮನಸ್ಸಿನಲ್ಲಿ ಮಾತೆ ಮರಿಯಳನ್ನು ನೆನೆದು ಕೈ ಎತ್ತಿದೆ.

ಮತಗಟ್ಟೆಯ ಮುಖ್ಯಸ್ಥೆ ನಿವೃತ್ತ ಟೀಚರ್, ಕನ್ನಡಕ ಮೂಗಿನ ತುದಿಯಲ್ಲಿ. ಬಂದರು.

"ಇವು ಗೀಚಿದ್ದಲ್ಲ. ನನ್ನ ಭಾಷೆಯ ಅಂಕಿಗಳು. ಒಂದರಿಂದ ಆರರವರೆಗೆ ಎಲ್ಲ ಸರಿಯಾಗಿ ಇವೆ," ಎಂದೆ.

ಅವರು ಕಾಗದವನ್ನು ಬೆಳಕಿಗೆ ಹಿಡಿದರು. ಸ್ಕ್ರೂಟಿನಿಯರ್‌ಗಳು ಬಗ್ಗಿದರು. ಬೆಂಗಳೂರಿನ ಗೆಳೆಯರೂ ಬಗ್ಗಿದರು. ಅವರ ಕಣ್ಣು ಮೇಲಿನಿಂದ ಕೆಳಗೆ ಹೋದದ್ದನ್ನು ನಾನು ನೋಡಿದೆ. ಓದುವವರ ಕಣ್ಣು ಹೇಗೆ ಹೋಗುತ್ತದೋ ಹಾಗೆಯೇ ಹೋಯಿತು. ಅವರ ಅಭ್ಯರ್ಥಿಯ ಹೆಸರಿನ ಹತ್ತಿರ ನಿಂತಿತು.

"ಬೇರೆ ಯಾರಾದರೂ ಇದನ್ನು ಓದಬಲ್ಲಿರಾ?" ಎಂದು ಮುಖ್ಯಸ್ಥೆ ಕೇಳಿದರು.

ನಾನು ಗೆಳೆಯರ ಕಡೆ ನೋಡಿದೆ. ಅವರು ತುಟಿ ಉಬ್ಬಿಸಿ, ಭುಜ ಹಾರಿಸಿ ಇಂಗ್ಲಿಷಿನಲ್ಲಿ, "ನನಗೆ ಗೀಚಿದ ಹಾಗೇ ಕಾಣುತ್ತದೆ," ಎಂದರು.

ನಾನು ತಡೆಯಲಾರದೆ ಕನ್ನಡದಲ್ಲಿ ಕೇಳಿದೆ, "ನಿಮಗೆ ಓದಲು ಬರುವುದಿಲ್ಲವಾ?"

"ಬಿಡಿ ಅತ್ತಿಗೆ, ಒಂದು ಓಟಿಗೆ ಯಾಕೆ ಇಷ್ಟು ತಲೆ ಕೆಡಿಸ್ಕೋತೀರಾ," ಎಂದರು, ಅದೇ ನಗುಮುಖದಲ್ಲಿ.

"ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿ, ದಯವಿಟ್ಟು," ಎಂದರು ಮುಖ್ಯಸ್ಥೆ.

ಇನ್ನೊಂದು ಕಡೆಯ ಸ್ಕ್ರೂಟಿನಿಯರ್, ಒಬ್ಬ ಮುದುಕ, "ಆಕೆ ಓದುತ್ತೇನೆ ಎನ್ನುತ್ತಾಳಲ್ಲ, ಸೇರಿಸಿ," ಎಂದ. ಮುಖ್ಯಸ್ಥೆ ತಲೆ ಅಲ್ಲಾಡಿಸಿದರು. ತಮ್ಮದೇ ಸಿಬ್ಬಂದಿಯ ಮಾತಿನ ಮೇಲೆ ತಾವು ಒಂದು ಮತವನ್ನು ಒಬ್ಬರಿಗೆ ಕೊಡುವ ಹಾಗಿಲ್ಲ, ಇವತ್ತಿಗೆ ಈ ರಾಶಿಯಲ್ಲೇ ಇರಲಿ, ಕ್ಷೇತ್ರದ ಆಫೀಸಿನಲ್ಲಿ ಎಲ್ಲವನ್ನೂ ಮತ್ತೆ ಬಿಚ್ಚಿ ನೋಡುತ್ತಾರೆ ಎಂದರು. ಬೇರೆ ಭಾಷೆಯ ಅಂಕಿ ಇರಬಹುದು ಎಂದು ಒಂದು ಚೀಟಿ ಬರೆದು ಸಿಕ್ಕಿಸಿದರು. ಅವರನ್ನು ನಾನು ದೂರುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಹೋಗುವಾಗ ನನ್ನ ಹೆಗಲು ತಟ್ಟಿದರು. ಆ ಸಂಜೆ ನನಗೆ ಸಿಕ್ಕಿದ್ದು ಅಷ್ಟು.

ಆಫೀಸಿನಲ್ಲಿ ಮತ್ತೆ ನೋಡಿದಾಗ ಆ ಮತ ಎಣಿಕೆಗೆ ಬಂತೋ ಇಲ್ಲವೋ ನನಗೆ ಇವತ್ತಿನವರೆಗೂ ಗೊತ್ತಿಲ್ಲ. ಕೇಳಿದರೆ ಹೇಳುವವರೂ ಇಲ್ಲ. ಗುಟ್ಟು ಎಂದರೆ ಹಾಗೆಯೇ ಇರಬೇಕು. ಆಯೋಗ ತನ್ನ ಪಾಲಿನ ಗುಟ್ಟನ್ನು ಕಾಯಿತು. ನಮ್ಮ ಮನೆಯ ಪಾಲಿನದು ಒಂದು ದಿನವೂ ಉಳಿಯಲಿಲ್ಲ.

ಮರುದಿನ ಭಾನುವಾರ. ಪೂಜೆಗೆ ಹೋಗಿ ಬಂದಿದ್ದೆವು. ಸಂಜೆ ಚಹಾಕ್ಕೆ ಆ ಗೆಳೆಯರು ಬಂದರು. ನಾನು ಬಿಸ್ಕೂಟಿನ ತಟ್ಟೆ ಇಟ್ಟೆ. ಮಾಂಯ್ ಹೀಟರಿನ ಹತ್ತಿರ ಕೂತು ಜಪಸರ ತಿರುಗಿಸುತ್ತಿದ್ದರು.

"ಏನ್ ಗುರೂ," ಎಂದರು ಗೆಳೆಯರು, ನಮ್ಮವರ ತೊಡೆ ತಟ್ಟಿ. "ಊರೆಲ್ಲಾ ಕ್ಯಾಂಪೇನ್ ಮಾಡಿದ್ರಿ, ನಿಮ್ಮನೇಲೇ ಅಪೋಸಿಷನ್ ಇಟ್ಕೊಂಡಿದ್ದೀರಲ್ಲ!"

"ಏನು?"

"ನಿನ್ನೆ ಕೌಂಟಿಂಗಲ್ಲಿ ಒಂದು ಓಟು ಬಂತು. ಪೂರ್ತಿ ಕನ್ನಡ ಅಂಕಿ! ನಮ್ಮ ಕ್ಯಾಂಡಿಡೇಟ್‌ಗೆ ಎಷ್ಟು ಗೊತ್ತಾ? ಆರು. ಲಾಸ್ಟು! ಈ ಕಾಲದಲ್ಲಿ ಕನ್ನಡ ಅಂಕಿ ಬರಿಯೋರು ಆ ಬೂತಲ್ಲಿ ಇನ್ಯಾರಿದ್ದಾರೆ ಹೇಳಿ. ಅತ್ತಿಗೆ ಕೈ ಎತ್ತಿ, ಇದು ಅಂಕಿ, ಇದು ಅಂಕಿ ಅಂತ ಫೈಟ್ ಬೇರೆ ಮಾಡಿದ್ರು. ನಾನು ಸುಮ್ನೆ ಗೀಚು ಅಂದೆ."

ಅವರು ಜೋರಾಗಿ ನಕ್ಕರು. ಅವರಿಗೆ ಅದು ನಿಜವಾಗಿಯೂ ತಮಾಷೆಯೇ. ಜಪಸರ ನಿಂತಿತು.

ನಮ್ಮವರು ನಗಲಿಲ್ಲ. ಗೆಳೆಯರು ಹೋಗುವವರೆಗೆ ಕಾದರು. ಆಮೇಲೆ ತಾಯಿಯ ಎದುರು ಹೋಗಿ ನಿಂತರು, ಊರಿನ ಅಂಗಳದಲ್ಲಿ ಮಾವ ನಿಲ್ಲುತ್ತಿದ್ದ ಹಾಗೆ.

"ಯಾಕೆ ಮಮ್ಮಿ?"

"ಎಂತ ಯಾಕೆ?"

"ಆರು ಯಾಕೆ ಹಾಕಿದಿ? ಅವನು ನಿನಗೆ ಎಂತ ಮಾಡಿದ್ದಾನೆ?"

"ಯಾಕೆ ಎಂದು ನಿನಗೆ ಹೇಳಬೇಕಾದರೆ ಆ ಡಬ್ಬಿ ಯಾಕೆ, ಆ ರಟ್ಟಿನ ಮರೆ ಯಾಕೆ? ನಿನ್ನ ಕೈಗೇ ಕೊಡುತ್ತಿದ್ದೆ."

"ನನ್ನ ಮರ್ಯಾದೆ ಎಂತ ಆಯಿತು ಗೊತ್ತುಂಟಾ? ಅದೂ ಅಲ್ಲ, ಅದು ಲೆಕ್ಕಕ್ಕೇ ಬರಲಿಲ್ಲ. ಕನ್ನಡದಲ್ಲಿ ಬರೆದರೆ ಯಾರು ಓದುತ್ತಾರೆ ಇಲ್ಲಿ? ವೇಸ್ಟ್. ನಾನು ಬರೆದು ತೋರಿಸು ಎಂದಾಗ ತೋರಿಸಿದ್ದರೆ ಆಗುತ್ತಿತ್ತು."

ಮಾಂಯ್ ಮೆಲ್ಲಗೆ, "ಅವರು ಬರೆ ಎಂದದ್ದು ನಂಬರ್. ನಾನು ಬರೆದದ್ದು ನಂಬರ್," ಎಂದರು.

ನಮ್ಮವರು ಗ್ಯಾರೇಜಿಗೆ ಹೋದರು. ಬೋರ್ಡುಗಳನ್ನು ಎತ್ತಿ ಎತ್ತಿ ಹಾಕುವ ಸದ್ದು ಕೇಳುತ್ತಿತ್ತು. ಮಾಂಯ್ ನನ್ನ ಕಡೆ ತಿರುಗಿದರು. ಆ ನೋಟಕ್ಕಿಂತ ನಾಲ್ಕು ಬೈದಿದ್ದರೆ ಒಳ್ಳೆಯದಿತ್ತು.

"ನೀನು ಹೇಳಿದ್ದಾ?"

"ಇಲ್ಲ ಮಾಂಯ್. ಯಾರದೆಂದು ನಾನು ಬಾಯಿ ಬಿಡಲಿಲ್ಲ. ಅದು ಅಂಕಿ ಎಂದೆ, ಅಷ್ಟೇ. ಹೇಳದಿದ್ದರೆ ಕಸದ ಜೊತೆ ಹಾಕುತ್ತಿದ್ದರು."

"ನೀನು ಹೇಳಿದ ಮೇಲೆ ತಾನೇ ಅವನು ಬಗ್ಗಿ ನೋಡಿದ್ದು?"

"ಹೌದು."

"ಕಸಕ್ಕೆ ಹೋದರೂ ನನ್ನದಾಗಿಯೇ ಹೋಗುತ್ತಿತ್ತು," ಎಂದರು. ಮತ್ತೆ ಜಪಸರ ಹಿಡಿದರು. ಎಲ್ಲಿ ನಿಲ್ಲಿಸಿದ್ದೆ ಎಂದು ಮರೆತು ಮೊದಲಿನಿಂದ ಶುರುಮಾಡಿದರು.

ನಾನು ಮಾಡಿದ್ದು ತಪ್ಪು ಎಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಇಲ್ಲ. ಸರಿಯಾಗಿ ಬರೆದ ಅಂಕಿಯನ್ನು ಗೀಚು ಎಂದರೆ ಸುಮ್ಮನಿರಲು ನನಗೆ ಸಂಬಳ ಕೊಟ್ಟಿರಲಿಲ್ಲ, ದೇವರೂ ಹಾಗೆ ಹೇಳಿಕೊಟ್ಟಿಲ್ಲ. ಆದರೆ ಮಾಂಯ್ ಹೇಳಿದ್ದೂ ಸರಿ. ಎರಡು ಸರಿಗಳ ನಡುವೆ ಒಂದು ಮನೆಯಲ್ಲಿ ಬದುಕುವುದು ಹೇಗೆಂದು ಪೂಜೆಯ ಯಾವ ಪ್ರವಚನದಲ್ಲೂ ಫಾದರ್ ಹೇಳಿದ್ದನ್ನು ನಾನು ಕೇಳಿಲ್ಲ.

ಆ ಅಭ್ಯರ್ಥಿ ಗೆದ್ದನೋ ಸೋತನೋ ಬರೆಯುವುದಿಲ್ಲ. ನಮ್ಮ ಕಡೆಯವರಿಗೆ ಯಾರು ಎಂದು ತಿಳಿಯುತ್ತದೆ. ಒಂದು ಎಂಬ ಅಂಕಿ ಯಾರ ಎದುರು ಇತ್ತೆಂಬುದನ್ನಂತೂ ನಾನು ಸಾಯುವವರೆಗೆ ಹೇಳುವುದಿಲ್ಲ. ಗೆಳೆಯರು ಆಮೇಲೂ ಬಂದರು. ನಾನು ಚಹಾ ಕೊಟ್ಟೆ. ಅತ್ತಿಗೆ ಎಂದಾಗ ಓಗೊಡುತ್ತಿರಲಿಲ್ಲ. ಅವರಿಗೆ ಅದು ಗೊತ್ತಾಗಲೂ ಇಲ್ಲ. ಆಯೋಗದ ಕೆಲಸಕ್ಕೆ ಮತ್ತೆ ಕರೆದಾಗ ಬರಲಾಗುವುದಿಲ್ಲ ಎಂದು ಬರೆದೆ. ಆ ಕೆಲಸ ನನಗೆ ಇಷ್ಟವಿತ್ತು. ಮಾಂಯ್ ಮತ್ತೊಮ್ಮೆ ಓಟು ಹಾಕುವಾಗ ನಾನು ಎಣಿಸುವ ಮೇಜಿನಲ್ಲಿ ಇರುವುದು ಬೇಡವೆನಿಸಿತು.

ಮಾಂಯ್ ನನ್ನ ಜೊತೆ ಮಾತು ಬಿಡಲಿಲ್ಲ. ಉಪ್ಪು ಸಾಕಾ, ಮೀನು ತಂದೆಯಾ, ಮಕ್ಕಳು ಬಂದರಾ ಎಲ್ಲ ಇತ್ತು. ಅಡುಗೆಮನೆಯಲ್ಲಿ ಕೂತು ಬೇರೆ ಮಾತು ಹೇಳುವುದನ್ನು ಮಾತ್ರ ನಿಲ್ಲಿಸಿದರು. ಮಾವನ ಕಾಲದ ಕಥೆಗಳು ನಿಂತವು. ಜೊತೆಗೆ ಕೂತು ಬೀನ್ಸ್ ಮುರಿಯುವಾಗಲೂ ನಾನು ಇನ್ನೊಬ್ಬರ ಮನೆಯಲ್ಲಿ ಕೂತ ಹಾಗೆ ಅನಿಸುತ್ತಿತ್ತು. ಆದರೂ ನನ್ನ ಕೈಯ ಗಂಜಿಯನ್ನು ಬೇಡ ಎನ್ನಲಿಲ್ಲ. ಅದೂ ದೇವರ ದಯೆ.

ಮುಂದಿನ ಚುನಾವಣೆ ಬರುವಷ್ಟರಲ್ಲಿ ಅವರ ಬಲಗೈ ನಡುಗತೊಡಗಿತ್ತು. ಚಮಚ ಹಿಡಿದರೆ ಸಾರು ಚೆಲ್ಲುತ್ತಿತ್ತು. ಪೆನ್ಸಿಲ್ ಹಿಡಿಯುವುದು ದೂರದ ಮಾತು. ಮನೆಗೇ ಮತಪತ್ರ ತರಿಸೋಣ ಎಂದೆ. ಅಂಚೆಯಲ್ಲಿ ಓಟು ಹಾಕಲು ಬರುತ್ತದೆ.

"ಮನೆಗಾ?" ಎಂದರು. ನನಗೆ ಅರ್ಥವಾಯಿತು.

ನಮ್ಮವರು ಬೆಳಿಗ್ಗೆಯೇ ಗೇಟಿಗೆ ಹೋಗಿ ನಿಂತಿದ್ದರು. ನಾನು ಮಾಂಯ್ ಅವರನ್ನು ಕೈಹಿಡಿದು ಅದೇ ಶಾಲೆಯ ಹಾಲಿಗೆ ಕರೆದುಕೊಂಡು ಹೋದೆ. ಅವರ ಕೈ ನೋಡಿ ಮೇಜಿನವಳು ಮತಗಟ್ಟೆಯ ಮುಖ್ಯಸ್ಥೆಯನ್ನು ಕರೆದಳು. ಈ ಸಲದವಳು ಬೇರೆ, ಚಿಕ್ಕ ವಯಸ್ಸು, ಚೀನಾ ಕಡೆಯ ಮುಖ. ಬರೆಯಲಾಗದವರು ತಮಗೆ ಬೇಕಾದ ಒಬ್ಬರನ್ನು ಮರೆಯೊಳಗೆ ಕರೆದುಕೊಂಡು ಹೋಗಬಹುದು. "ಯಾರು ಸಹಾಯ ಮಾಡಲಿ? ನಿಮ್ಮ ಜೊತೆ ಬಂದಿರುವ ಇವರೇ?" ಎಂದು ಅವಳು ನನ್ನನ್ನು ತೋರಿಸಿ ಕೇಳಿದಳು.

ನಾನು ಒಂದು ಹೆಜ್ಜೆ ಮುಂದೆ ಇಟ್ಟಿದ್ದೆ.

ಮಾಂಯ್ ನನ್ನ ಕಡೆ ನೋಡಲಿಲ್ಲ. "ನೋ," ಎಂದರು. ಬಾಗಿಲ ಕಡೆ ಕೈ ಮಾಡಿ, "ಸನ್, ನೋ." ನನ್ನ ಕಡೆ ಬೊಟ್ಟು ಮಾಡಿ, "ನೋ." ಆಮೇಲೆ ಆ ಹುಡುಗಿಯ ಎದೆಯ ಮೇಲಿದ್ದ ಆಯೋಗದ ಬ್ಯಾಡ್ಜನ್ನು ನಡುಗುವ ಬೆರಳಿನಿಂದ ಮುಟ್ಟಿ, "ಯೂ," ಎಂದರು.

ಯಾರನ್ನೂ ಹೆಸರಿಸದಿದ್ದರೆ ಮುಖ್ಯಸ್ಥೆಯೇ ಬರೆದುಕೊಡಬೇಕೆಂಬ ನಿಯಮ ಉಂಟು. ಅಭ್ಯರ್ಥಿಗಳ ಕಡೆಯವರು ಹಾಲಿನಲ್ಲಿ ಇದ್ದರೆ ಅವರ ಎದುರಿಗೆ, ಇಲ್ಲದಿದ್ದರೆ ಇನ್ನೊಬ್ಬ ಸಿಬ್ಬಂದಿಯ ಎದುರಿಗೆ. ನಾನು ಹಾಲಿನ ಸುತ್ತ ಕಣ್ಣಾಡಿಸಿದೆ. ಸ್ಕ್ರೂಟಿನಿಯರ್ ಯಾರೂ ಇರಲಿಲ್ಲ. ಆಗ ನಾನು ಮನಸ್ಸಿನಲ್ಲಿ ಹೇಳಿದ ಪ್ರಾರ್ಥನೆಯಷ್ಟು ಚಿಕ್ಕದನ್ನು ಎಂದೂ ಹೇಳಿರಲಿಲ್ಲ: ಯಾರೂ ಬರದಿರಲಿ.

ಇನ್ನೊಬ್ಬ ಸಿಬ್ಬಂದಿಯೂ ಸೇರಿ ಮೂವರೂ ಮರೆಗೆ ಹೋದರು. ಹುಡುಗಿ ಮತಪತ್ರದ ಹೆಸರುಗಳನ್ನು ಮೆಲ್ಲಗೆ ಓದುತ್ತಿದ್ದಳು. ಮಾಂಯ್ ಬೊಟ್ಟಿಟ್ಟು ತೋರಿಸುತ್ತಿದ್ದರು, ಇನ್ನೊಂದು ಕೈಯ ಬೆರಳು ಎತ್ತಿ ಎಷ್ಟೆಂದು ಹೇಳುತ್ತಿದ್ದರು. ಆ ಬೆರಳುಗಳು ಕಾಣದ ಹಾಗೆ ನಾನು ಗೋಡೆಯ ಕಡೆ ತಿರುಗಿ ನಿಂತೆ. ಗೋಡೆಯ ಮೇಲೆ ಮಕ್ಕಳು ಬಣ್ಣ ಹಚ್ಚಿದ ಕಾಂಗರೂಗಳಿದ್ದವು.

ಹೊರಗೆ ಬರುವಾಗ ನಮ್ಮವರು ಗೇಟಿನಿಂದ ಕೂಗಿದರು, "ಆಯಿತಾ ಮಮ್ಮಿ? ಯಾರು ಬರೆದದ್ದು?"

"ಸರ್ಕಾರದವರು," ಎಂದರು ಮಾಂಯ್.

"ನೀನು ಹೋಗಲಿಲ್ಲವಾ ಒಳಗೆ?" ಎಂದು ನನ್ನನ್ನು ಕೇಳಿದರು.

"ಕರೆಯಲಿಲ್ಲ," ಎಂದೆ.

ಕಾರಿನ ತನಕ ಮಾಂಯ್ ನನ್ನ ತೋಳು ಹಿಡಿದೇ ನಡೆದರು. ಮೆಟ್ಟಿಲು ಇಳಿಯುವಾಗ ಬಿಗಿಯಾಗಿ ಹಿಡಿದರು. ಬೀಳದಿರಲು ಹಿಡಿದದ್ದು, ಬೇರೇನೂ ಅಲ್ಲ. ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದೆ. ಅವರ ಮುಖ ನೋಡಬೇಕೆನಿಸಿತು. ನೋಡಲಿಲ್ಲ, ಬಾಗಿಲು ಹಾಕಿದೆ.